ಬಾಗಿಲಲ್ಲಿ ನಿಂತ ಕುದುರೆಗಳು

ಭಾನುವಾರ, ೧೪ ಸೆಪ್ಟೆಂಬರ್
ಲ್ಯಾಬಿನಿಂದ

ಪ್ರೀತಿಯ ಕುದುರೆಗೆ,

ಹೇಗಿದ್ದೀಯ? ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ ಅಂದುಕೊಂಡಿದ್ದೇನೆ. ಈ ವಯಸ್ಸಿನಲ್ಲಿ ನಿನ್ನನ್ನು ಕುದುರೆ ಅಂತ ಕರೆದರೆ ನಿನ್ನ ಹೆಂಡತಿ ಏನು ತಿಳಿದುಕೊಳ್ಳುತ್ತಾಳೋ ಗೊತ್ತಿಲ್ಲ. ಕೇಳಿದರೆ ನೀನು ಕೆಲಸ ಮಾಡುವ ಗೋದಾಮಿನವರು ಇಟ್ಟ ಹೆಸರು ಅಂತ ಹೇಳಿಬಿಡು. ಈ ಕಾಗದ ಹೋದ ತಿಂಗಳೇ ಬರೆಯಬೇಕಿತ್ತು. ಬರೆದೆ, ಹರಿದು ಹಾಕಿದೆ. ಮತ್ತೆ ಬರೆದೆ, ಅದನ್ನೂ ಹರಿದೆ. ಮೊದಲಿನದರಲ್ಲಿ ಜಗಳ ಜಾಸ್ತಿಯಾಗಿತ್ತು, ಆಮೇಲಿನದರಲ್ಲಿ ಅಳು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಇವತ್ತು ರಜೆ, ಲ್ಯಾಬಿನಲ್ಲಿ ಯಾರೂ ಇಲ್ಲ. ಅಚ್ಚಿಗೆ ಸುರಿದ ಪ್ಲಾಸ್ಟರ್ ಗಟ್ಟಿಯಾಗುವ ತನಕ ನನಗೆ ಬೇರೆ ಕೆಲಸವಿಲ್ಲ, ಅದಕ್ಕೆ ಇಲ್ಲೇ ಕೂತು ಬರೆಯುತ್ತಿದ್ದೇನೆ.

ಹೌದು, ಈಗಲೂ ಹಲ್ಲಿನ ಸೆಟ್ ಮಾಡುವ ಕೆಲಸವೇ. ಮುಖ ನೋಡದವರ ಬಾಯಿಗೆ ಹಲ್ಲು ಜೋಡಿಸುತ್ತೇನೆ. ಮೊನ್ನೆ ಒಬ್ಬ ಅಜ್ಜ ಡಾಕ್ಟರ ಹತ್ತಿರ ಹೋಗದೆ ನೇರ ಇಲ್ಲಿಗೇ ಬಂದು, "ಈ ಹಲ್ಲು ನನಗಿಂತ ಜಾಸ್ತಿ ನಗುತ್ತಮ್ಮ, ಸ್ವಲ್ಪ ತಗ್ಗಿಸಿಕೊಡು" ಅಂದರು. ತಗ್ಗಿಸಿಕೊಟ್ಟೆ. ನಮ್ಮ ಗುಂಪಿನ ಸನ್ಯಾಸಿ ಇನ್ನೂ ಲಿಫ್ಟ್ ರಿಪೇರಿ ಕೆಲಸದಲ್ಲೇ ಇದ್ದಾನೆ. ಹೆಸರಿಗೆ ಸನ್ಯಾಸಿ, ಮನೆ ತುಂಬ ಮಕ್ಕಳು. ಹೊಟ್ಟೆ ಎಷ್ಟು ಬಂದಿದೆಯೆಂದರೆ, ಭಾರ ಹೊರುತ್ತೋ ಇಲ್ಲವೋ ಅಂತ ನೋಡಲು ಅವನೊಬ್ಬ ಲಿಫ್ಟಿನೊಳಗೆ ನಿಂತರೆ ಸಾಕು. ಈ ಮಾತು ನಾನು ಹೇಳಿದ್ದಲ್ಲ, ಅವನೇ ಹೇಳಿಕೊಂಡು ತಿರುಗುತ್ತಾನೆ.

ಇನ್ನು ಅಣ್ಣನ ವಿಷಯ. ನಿನಗೆ ಅಲ್ಪಸ್ವಲ್ಪ ಗೊತ್ತು, ಸರಿಯಾಗಿ ಹೇಳಿಬಿಡುತ್ತೇನೆ. ನರಗಳ ಕಾಯಿಲೆ. ಮೈಯ ಒಂದೊಂದೇ ಭಾಗ ಕೈಬಿಡುತ್ತಾ ಬರುತ್ತದೆ. ಮೊದಲು ಕಾಲು ಹೋಯಿತು, ಆಮೇಲೆ ಬಲಗೈ. ಮಾತು ತೊದಲುತ್ತದೆ, ಅತ್ತಿಗೆಗೆ ಮತ್ತು ನನಗೆ ಬಿಟ್ಟರೆ ಬೇರೆಯವರಿಗೆ ಅರ್ಥವಾಗುವುದಿಲ್ಲ. ತಲೆ ಮಾತ್ರ ಚುರುಕಾಗಿದೆ, ಅದೇ ದೊಡ್ಡ ಶಿಕ್ಷೆ. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಇದಕ್ಕೆ ಔಷಧಿ ಇಲ್ಲ, ಅವರು ಏನು ಆಸೆಪಟ್ರೆ ಅದನ್ನು ನಡೆಸಿಕೊಡಿ" ಅಂದರು. ಈಗ ಅವನ ಹಿಡಿತದಲ್ಲಿ ಉಳಿದಿರುವುದು ಎಡಗೈಯ ತೋರುಬೆರಳು. ಅದೂ ವಾರದಿಂದ ವಾರಕ್ಕೆ ಸೋಲುತ್ತಿದೆ.

ಅವನು ಆಸೆಪಟ್ಟದ್ದು ಒಂದೇ. ನಾವು ಅರ್ಧಕ್ಕೆ ನಿಲ್ಲಿಸಿದ ಆ ಕಂಪ್ಯೂಟರ್ ಆಟವನ್ನು ಬೆರಳು ಆಡುತ್ತಿರುವಾಗಲೇ ಮುಗಿಸಬೇಕು. ಅದಕ್ಕೆ ನೀನು ಬರಬೇಕು. ನಾನು ಈ ಕಾಗದ ಬರೆಯುತ್ತಿರುವುದು ಅದಕ್ಕೇ.

ಆ ದಿನಗಳನ್ನು ಮೊದಲಿನಿಂದ ಹೇಳುತ್ತೇನೆ. ಗೊತ್ತಿರುವುದನ್ನೇ ಹೇಳುತ್ತಾಳಲ್ಲ ಅಂತ ಮುಂದಿನ ಪುಟಕ್ಕೆ ಹಾರಬೇಡ. ಅಣ್ಣನ ಜೆರಾಕ್ಸ್ ಅಂಗಡಿ ನೆನಪು ಮಾಡಿಕೋ. ರಸ್ತೆಯಿಂದ ಮೆಟ್ಟಿಲಿಳಿದು ಹೋಗಬೇಕಿತ್ತು. ಕಿಟಕಿಯಲ್ಲಿ ಹೋಗಿಬರುವವರ ಚಪ್ಪಲಿಗಳಷ್ಟೇ ಕಾಣುತ್ತಿದ್ದವು. ಟೈಪಿಂಗ್ ಕೆಲಸಕ್ಕೆಂದು ತಂದ ನಾಲ್ಕು ಕಂಪ್ಯೂಟರ್‌ಗಳನ್ನು ಅಣ್ಣ ಒಂದಕ್ಕೊಂದು ತಂತಿ ಜೋಡಿಸಿ, ಬೆನ್ನಿಗೆ ಬೆನ್ನು ಹಚ್ಚಿ ಇಟ್ಟಿದ್ದ. ಭಾನುವಾರ ಶಟರ್ ಅರ್ಧಕ್ಕೆ ಇಳಿಸಿದರೆ ಅಂಗಡಿ ನಮ್ಮದು. ಜೆರಾಕ್ಸ್ ಪುಡಿಯ ವಾಸನೆ, ಆ ದಪ್ಪ ಮಾನಿಟರ್‌ಗಳ ಬಿಸಿ. ನಿನ್ನ ಮೌಸಿನ ಗುಂಡು ಯಾವಾಗಲೂ ಸಿಕ್ಕಿಹಾಕಿಕೊಳ್ಳುತ್ತಿತ್ತು. ನೀನು ಅದನ್ನು ಹೊರಗೆ ತೆಗೆದು, ಅಂಗಿಯ ತುದಿಗೆ ಒರೆಸಿ, ಬೈದು, ಮತ್ತೆ ಹಾಕುತ್ತಿದ್ದೆ. ಒಬ್ಬರ ಪರದೆ ಒಬ್ಬರಿಗೆ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು.

ಆಟ ಶುರುವಾದಾಗ ಪ್ರತಿಯೊಬ್ಬರಿಗೂ ಒಂದು ಮನೆ, ಕೆಲವು ಆಳುಗಳು, ಸುತ್ತಲೂ ಕತ್ತಲೆ. ಆಳು ನಡೆದಷ್ಟು ದೂರ ನಕ್ಷೆ ಬೆಳಗಾಗುತ್ತಿತ್ತು. ಮರ ಕಡಿಯಬೇಕು, ಕಲ್ಲು ಒಡೆಯಬೇಕು, ಚಿನ್ನ ಅಗೆಯಬೇಕು, ಊರು ಕಟ್ಟಬೇಕು, ಸೈನ್ಯ ಬೆಳೆಸಬೇಕು, ಮತ್ತೆ ಇದೆಲ್ಲ ಒಟ್ಟೊಟ್ಟಿಗೇ. ಚದುರಂಗದ ಹಾಗೆ ನಿನ್ನ ಸರದಿ ನನ್ನ ಸರದಿ ಅಂತ ಕಾಯುವ ಮಾತೇ ಇಲ್ಲ. ನೀನು ಮೂಗು ಒರೆಸಿಕೊಳ್ಳುವಷ್ಟರಲ್ಲಿ ವೈರಿ ನಿನ್ನ ಹೊಲದಲ್ಲಿ ನಿಂತಿರುತ್ತಿದ್ದ. ನಾನು ಸೌದೆ ಕೂಡಿಹಾಕುವುದರಲ್ಲೇ ಮುಳುಗಿರುತ್ತಿದ್ದೆ. ಊರೆಲ್ಲ ಸೌದೆ, ಕಾಯಲು ಒಬ್ಬ ಸೈನಿಕನೂ ಇಲ್ಲ. ನನಗೆ ಸೌದೆ ಅಂತ ಹೆಸರಿಟ್ಟವನು ನೀನೇ. ಆಟದೊಳಗಿನ ಸನ್ಯಾಸಿಗಳು ಮಂತ್ರ ಹೇಳಿ ಎದುರಿನವರ ಸೈನಿಕರನ್ನು ತಮ್ಮ ಕಡೆಗೆ ಸೆಳೆದುಕೊಳ್ಳುತ್ತಿದ್ದರಲ್ಲ, ನಮ್ಮ ಸನ್ಯಾಸಿ ಹಾಗೆ ನನ್ನ ಒಂದೇ ಒಂದು ಆನೆಯನ್ನು ಹೊಡೆದುಕೊಂಡುಹೋದ. ಮುಂದಿನ ಭಾನುವಾರದ ತನಕ ನಾನು ಅವನ ಜೊತೆ ಮಾತು ಬಿಟ್ಟಿದ್ದೆ. ಆಗ ಅಣ್ಣ, "ಇನ್ಮೇಲೆ ನಾವು ನಾವೇ ಹೊಡೆದಾಡೋದು ಬೇಡಪ್ಪ. ನಾವು ನಾಲ್ಕೂ ಜನ ಒಂದು ಕಡೆ, ಕಂಪ್ಯೂಟರ್ ಒಂದು ಕಡೆ" ಅಂದ. ಆವತ್ತಿನಿಂದ ಹಾಗೇ ಆಡಿದೆವು.

ಅಣ್ಣನದು ಗೋಡೆಯ ಹುಚ್ಚು. ಊಟಕ್ಕಿಲ್ಲದಿದ್ದರೂ ಮೊದಲು ಗೋಡೆ. ಒಂದು ಸಲ ಬಾಗಿಲು ಇಡುವುದನ್ನೇ ಮರೆತು ಸುತ್ತಲೂ ಕಟ್ಟಿಬಿಟ್ಟ. ಅವನ ಆಳುಗಳೆಲ್ಲ ಹೊರಗೆ ಉಳಿದು, ತಮ್ಮದೇ ಗೋಡೆಗೆ ಬೆನ್ನು ಹಚ್ಚಿಕೊಂಡು ಏಟು ತಿಂದು ಸತ್ತವು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಅವನ ಗೋಡೆಗೆ ವೈರಿ ಕೈಹಾಕಿದ ಅಂದರೆ ಸಾಕು, ನೀನು ನಿನ್ನ ಊರನ್ನು ಖಾಲಿ ಬಿಟ್ಟು ಎಲ್ಲ ಕುದುರೆಗಳನ್ನೂ ಅಟ್ಟಿಕೊಂಡು ಓಡಿಬರುತ್ತಿದ್ದೆ. ಪರದೆಯ ಆಚೆಯಿಂದ "ಬಂದೆ ಅಣ್ಣ, ತಡಿ" ಅಂತ ನಿನ್ನ ದನಿ. ನಿನ್ನ ಊರು ಸುಟ್ಟು ಬೂದಿಯಾಗುತ್ತಿದ್ದರೂ ನೀನು ತಿರುಗಿ ನೋಡುತ್ತಿರಲಿಲ್ಲ. ಒಡಹುಟ್ಟಿದವಳು ನಾನು ಪಕ್ಕದಲ್ಲೇ ಸೌದೆ ಎಣಿಸುತ್ತಾ ಕೂತಿರುತ್ತಿದ್ದೆ, ಓಡಿಬರುತ್ತಿದ್ದವನು ನೀನು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ನೀನು ಕೆಲಸಕ್ಕೆಂದು ಊರು ಬಿಡುವ ದಿನವೂ ಆಡುತ್ತಿದ್ದೆವು. ವೈರಿ ದಿಮ್ಮಿ ತಂದು ಅಣ್ಣನ ಗೋಡೆ ಗುದ್ದುತ್ತಿದ್ದ. ನಿನ್ನ ಕುದುರೆಗಳು ಅಣ್ಣನ ಬಾಗಿಲಿಗೆ ಬಂದು ನಿಂತಿದ್ದವು. ಅಷ್ಟರಲ್ಲಿ ನಿಮ್ಮಪ್ಪ ಮೆಟ್ಟಿಲ ಮೇಲಿಂದ, "ಟ್ರೈನು ನಿನಗೋಸ್ಕರ ಕಾಯಲ್ಲ ಕಣೋ" ಅಂತ ಕೂಗಿದರು. ಅಣ್ಣ ಆಟವನ್ನು ಇದ್ದ ಹಾಗೇ ಸೇವ್ ಮಾಡಿದ. "ಹೋಗಿ ಬಾ. ಬಂದಮೇಲೆ ಮುಗಿಸೋಣ" ಅಂದ. ಆ ಆಟದ ನಿಯಮ ಒಂದಿತ್ತು. ಹಾಗೆ ಉಳಿಸಿಟ್ಟ ಆಟ ಮತ್ತೆ ತೆರೆಯಬೇಕಾದರೆ ಅದೇ ನಾಲ್ಕು ಹೆಸರುಗಳು ಸೇರಬೇಕು. ಒಂದು ಹೆಸರು ಕಡಿಮೆಯಾದರೂ ತೆರೆಯುವುದಿಲ್ಲ.

ಅಂಗಡಿ ಮುಚ್ಚಿದಾಗ ಅಣ್ಣ ಜೆರಾಕ್ಸ್ ಮಿಷನ್ ಮಾರಿದ, ಕುರ್ಚಿ ಮಾರಿದ. ಆ ನಾಲ್ಕು ಕಂಪ್ಯೂಟರ್‌ಗಳನ್ನು ಮಾತ್ರ ಅಟ್ಟದ ಮೇಲೆ ಹಾಕಿಕೊಂಡ. ಅತ್ತಿಗೆ ಪ್ರತಿ ವರ್ಷ ಗುಜರಿಗೆ ಹಾಕೋಣ ಅನ್ನುತ್ತಿದ್ದಳು, ಇವನು ಆಗಲಿ ಆಗಲಿ ಅಂದುಕೊಂಡೇ ಬಂದ. ಈ ಬೇಸಿಗೆಯಲ್ಲಿ ಅವನು ಕೇಳಿದಾಗ, ಅದೇ ಅತ್ತಿಗೆ ಸೆರಗು ಕಟ್ಟಿ ಏಣಿ ಹತ್ತಿ ಒಂದೊಂದಾಗಿ ಇಳಿಸಿದಳು. ಸನ್ಯಾಸಿ ಎರಡು ಭಾನುವಾರ ಕೂತು ಬಿಚ್ಚಿ, ಧೂಳು ಊದಿ, ಅದರದು ಇದಕ್ಕೆ ಇದರದು ಅದಕ್ಕೆ ಹಾಕಿ ನಾಲ್ಕನ್ನೂ ಏಳಿಸಿದ. ಅಣ್ಣನ ಮಂಚದ ಸುತ್ತ ಟೇಬಲ್ ಹಾಕಿ ಇಟ್ಟೆವು. ಮೌಸನ್ನು ಅವನ ಎಡಗೈ ಕೆಳಗೆ ಬಟ್ಟೆ ಸುತ್ತಿ ಕೂರಿಸಿದೆವು. ಅವನು ಎಲ್ಲಿ ಅಂತ ಕಣ್ಣಲ್ಲಿ ತೋರಿಸಿದರೆ ನಾನು ಮೌಸ್ ಸರಿಸುವುದು, ಒತ್ತುವುದು ಅವನು.

ನಿನ್ನ ಜಾಗ ಖಾಲಿ ಇತ್ತಲ್ಲ, ಸನ್ಯಾಸಿ ಒಂದು ಉಪಾಯ ಹೇಳಿದ. "ಕಂಪ್ಯೂಟರ್‌ಗೆ ಬೇಕಿರೋದು ಹೆಸರು ಕಣೇ. ಯಾರು ಕೂತ್ರೆ ಏನು?" ಅತ್ತಿಗೆಯನ್ನೇ ಕೂರಿಸಿ, ನಿನ್ನ ಹೆಸರು ಹಾಕಿದೆವು. ಪಾಪ, ಅವಳು ಒಂದು ವಾರ ಅಡುಗೆ ಕೆಲಸ ಮುಗಿಸಿಕೊಂಡು ನನ್ನ ಹತ್ತಿರ ಗುಂಡಿಗಳನ್ನೆಲ್ಲ ಕಲಿತಿದ್ದಳು. ಆಟ ತೆರೆಯಿತು. ಎಲ್ಲವೂ ಬಿಟ್ಟಲ್ಲೇ ಇತ್ತು. ನನ್ನ ಸೌದೆ ರಾಶಿ, ಅಣ್ಣನ ಗೋಡೆ, ಬಾಗಿಲಲ್ಲಿ ನಿನ್ನ ಕುದುರೆಗಳು. ಅಣ್ಣನ ಮುಖ ನೋಡಬೇಕಿತ್ತು ನೀನು. ಅವನು ಬೆರಳು ಒತ್ತಿ ಬಾಗಿಲು ತೆಗೆದ. ಕುದುರೆಗಳು ಒಳಗೆ ನುಗ್ಗಬೇಕು, ನುಗ್ಗಲಿಲ್ಲ. ಅತ್ತಿಗೆ ಗಾಬರಿಯಾಗಿ ಎಲ್ಲೋ ಒತ್ತಿದಳು, ಅವು ಸಾಲಾಗಿ ಹಿಂದೆ ತಿರುಗಿ ಕಾಡಿನ ಮೂಲೆಗೆ ಹೋಗಿ ನಿಂತವು. ನಾವೆಲ್ಲ ನಕ್ಕೆವು, ಅಣ್ಣನೂ ನಕ್ಕ. ನಗುತ್ತಿದ್ದ ಹಾಗೇ ಅವನ ಕಣ್ಣಲ್ಲಿ ನೀರು ಬಂತು. "ನಿಲ್ಲಿಸಿ. ಇದನ್ನ ಉಳಿಸಬೇಡಿ. ಅವನ ಕುದುರೆ ಬಾಗಿಲಲ್ಲೇ ಇರ್ಲಿ" ಅಂದ. ಅತ್ತಿಗೆ, "ನಾನು ಇನ್ನೊಂದ್ಸಲ ಸರಿಯಾಗಿ ಆಡ್ತೀನಿ ರೀ" ಅಂದಳು. "ನಿನ್ನ ತಪ್ಪಲ್ಲ ಮಾರಾಯ್ತಿ, ಅವನು ಬಂದೇ ಬರ್ತಾನೆ" ಅಂದ. ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಗಂಡನ ಮೈ ತೊಳೆದು, ತುತ್ತು ತಿನ್ನಿಸಿ, ಹೊರಳಿಸಿ ಮಲಗಿಸುವವಳು ಅವಳು. ಅವನು ಕಾಯುವುದು ನಿನಗಾಗಿ.

ಆಮೇಲೆ ನಾನು ನಿನಗೆ ಫೋನ್ ಮಾಡಿದೆ. ಗೋದಾಮಿನಲ್ಲಿ ಹೊಸ ಮಾಲು ಬರುವ ಕಾಲ, ರಜೆ ಸಿಗುವುದು ಕಷ್ಟ, ನೋಡೋಣ ಅಂದೆ ನೀನು. ನಿನ್ನ ಕಷ್ಟ ನಿನಗೆ, ಇಲ್ಲ ಅನ್ನುವುದಿಲ್ಲ. ಒಂದು ಮಧ್ಯಾಹ್ನ ಸಾಕು ಕುದುರೆ. ಗೆಲ್ಲಿಸಲು ಬಾ ಅಂತ ಕರೆಯುತ್ತಿಲ್ಲ. ಸನ್ಯಾಸಿ ಆ ನಕ್ಷೆ ನೋಡಿ ನನ್ನ ಕಿವಿಯಲ್ಲಿ ಹೇಳಿದ, "ಇದು ಗೆಲ್ಲೋ ಆಟ ಅಲ್ಲ ಕಣೇ. ನಾವು ಆಗ್ಲೇ ಸೋತಿದ್ವಿ. ಚಿಕ್ಕವರಿದ್ವಿ, ಗೊತ್ತಾಗ್ಲಿಲ್ಲ." ಇರಬಹುದು. ಅಣ್ಣನಿಗೂ ಅದು ಗೊತ್ತಿದೆ ಅನ್ನಿಸುತ್ತದೆ, ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನು ಅವನು. ಸೋಲುವಾಗ ನೀನು ಜೊತೆಗಿರಬೇಕು, ಅಷ್ಟೇ ಅವನಿಗೆ.

ನೀನು ಬರುತ್ತೀಯ ಅಂತ ನಂಬಿಕೊಂಡು ಬರೆಯುತ್ತಿಲ್ಲ. ನಿನ್ನ ಮಗಳು ಈ ವರ್ಷ ಕಾಲೇಜು ಸೇರಿದಳಂತೆ, ಅವಳಿಗೆ ಈ ಅತ್ತೆಯ ಆಶೀರ್ವಾದ ಹೇಳು. ಕಣ್ಣು ಹಾಳುಮಾಡಿಕೊಳ್ಳದೆ ಓದಲಿ. ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು. ನಿನ್ನ ಸೊಂಟನೋವು ಹೇಗಿದೆ? ಗೋದಾಮಿನಲ್ಲಿ ಭಾರ ಎತ್ತಲು ಹೋಗಬೇಡ, ಮ್ಯಾನೇಜರ್ ಆದಮೇಲೂ ಎತ್ತುತ್ತೀಯ ಅಂತ ಕೇಳಿದೆ. ನೂರು ವರ್ಷ ಚೆನ್ನಾಗಿರು, ಎಲ್ಲ ಬೆರಳೂ ಆಡಿಸಿಕೊಂಡು ಚೆನ್ನಾಗಿರು. ಪ್ಲಾಸ್ಟರ್ ಒಣಗಿದೆ, ಏಳುತ್ತೇನೆ.

ಇಂತಿ ನಿನ್ನ,
ಸೌದೆ

ಮ.ವಿ: ಇದನ್ನು ಬರೆಯಬಾರದು ಅಂತಲೇ ಕೂತಿದ್ದೆ. ಆವತ್ತು ಫೋನಿನಲ್ಲಿ ಆಟ ಮುಗಿಸಲು ಬಾ ಅಂದಾಗ ನೀನು "ಯಾವ ಆಟ?" ಅಂದೆ. ನಾನು ಅಂಗಡಿ ಅಂದೆ, ಗೋಡೆ ಅಂದೆ, ಕುದುರೆ ಅಂದೆ. ನೀನು ಸ್ವಲ್ಪ ಯೋಚಿಸಿ, "ಏನೋ ಆಡ್ತಿದ್ವಿ ಅಲ್ವಾ, ನನಗೆ ಅಷ್ಟು ನೆನಪಿಲ್ಲ ಕಣೆ" ಅಂದೆ. ಮರೆತದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಫೋನ್ ಇದ್ದದ್ದು ಅಣ್ಣನ ದಿಂಬಿನ ಮೇಲೆ. ನಿನ್ನ ದನಿ ಕೇಳಿ ಖುಷಿಪಡಲಿ ಅಂತ ನಾನೇ ಸ್ಪೀಕರ್ ಹಾಕಿದ್ದೆ. ತನ್ನ ತೊದಲು ನಿನಗೆ ಅರ್ಥವಾಗುವುದಿಲ್ಲ ಅಂತ ಅವನು ಬಾಯಿ ಬಿಡದೆ ಕೇಳಿಸಿಕೊಳ್ಳುತ್ತಿದ್ದ. ಫೋನ್ ಇಟ್ಟಮೇಲೆ, "ಗೋದಾಮಲ್ಲಿ ಗದ್ದಲ ಅಲ್ವಾ, ಸರಿಯಾಗಿ ಕೇಳಿಸಿಲ್ಲ ಅವನಿಗೆ" ಅಂದ. ಗದ್ದಲ ಇರಲಿಲ್ಲ, ನೀನು ಮನೆಯಲ್ಲಿದ್ದೆ. ಮಾರನೆಯ ದಿನ ಮುಖ ಒರೆಸುವಾಗ ನನ್ನನ್ನು ಕೇಳಿದ, "ಪುಟ್ಟಿ, ನಾವು ನಿಜವಾಗ್ಲೂ ಆಡ್ತಿದ್ವಿ ಅಲ್ವಾ? ಅವನೂ ಇದ್ದ ಅಲ್ವಾ?" ಇದ್ದ ಅಣ್ಣ ಅಂದೆ. ಈಗ ಅವನು ಕಂಪ್ಯೂಟರ್ ಹಾಕು ಅನ್ನುವುದಿಲ್ಲ. ದಿನಾ ಮುಖ ಒರೆಸುವಾಗ ಇದೊಂದನ್ನು ಕೇಳುತ್ತಾನೆ.