ಹೆಪ್ಪುಗಟ್ಟಿದ ಮೂವರ ಸೋದರಮಾವನಿಗೆ

ಮನೆಯಿಂದ,
ಮಂಗಳವಾರ, ಮಾರ್ಚ್ ೧೧, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಮೊನ್ನೆ ಚರ್ಚಿನಲ್ಲಿ ಬಲಿಪೀಠದ ಮೆಟ್ಟಿಲು ಇಳಿಯುವಾಗ ನೀನು ಕಂಬ ಹಿಡಿದುಕೊಂಡದ್ದನ್ನು ನೋಡಿದೆ. ಬಿಸಿನೀರಿನ ಶಾಖ ಕೊಟ್ಟುಕೋ, ಬರಿಗಾಲಲ್ಲಿ ತಣ್ಣನೆಯ ನೆಲದ ಮೇಲೆ ಓಡಾಡಬೇಡ. ನಾವು ಚೆನ್ನಾಗಿದ್ದೇವೆ. ನಮ್ಮ ಪುಟ್ಟ ಮಗಳು ಚಿಟಿಕೆ ಈಗ ಎಲ್ಲದಕ್ಕೂ ‘ನಾನೇ, ನಾನೇ’ ಅನ್ನುತ್ತಾಳೆ. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಸಿಕ್ಕಿಸಿಕೊಂಡು, ಸರಿಮಾಡಲು ಹೋದವರ ಕೈ ಕಚ್ಚುತ್ತಾಳೆ. ಹಟವೆಲ್ಲ ಥೇಟ್ ನಮ್ಮಪ್ಪನದು, ಅಂದರೆ ನಿನ್ನದು. ಕುಶಲ ವಿಚಾರಿಸಿದ್ದಾಯಿತು. ಇನ್ನು ನಿನ್ನನ್ನು ಬೈಯುವುದಿದೆ, ಕೂತುಕೊಂಡು ಓದು.

ಚಿಟಿಕೆ ಹುಟ್ಟಿದ್ದು ಹೇಗೆಂದು ನಿನಗೆ ಮೊದಲಿನಿಂದಲೂ ಗೊತ್ತು. ಮದುವೆಯಾಗಿ ಎಷ್ಟು ವರ್ಷ ಕಾದೆವು, ನಮ್ಮವರೇ ಬೆನ್ನ ಹಿಂದೆ ನನ್ನನ್ನು ಏನೆಂದು ಕರೆದರು, ಎಲ್ಲವೂ ಗೊತ್ತು. ಕ್ಲಿನಿಕ್ಕಿಗೆ ಹೋದಾಗ ಡಾಕ್ಟರಮ್ಮ ‘ಜಾಸ್ತಿ ಇದ್ದಷ್ಟೂ ಒಳ್ಳೇದು’ ಅಂದರು. ಏನು ಜಾಸ್ತಿ, ಯಾರಿಗೆ ಒಳ್ಳೆಯದು, ಮಿಕ್ಕವುಗಳ ಗತಿಯೇನು ಎಂದು ಅವರೂ ಹೇಳಲಿಲ್ಲ, ಕೇಳಬೇಕೆಂದು ನಮಗೂ ತೋಚಲಿಲ್ಲ. ಚಿಟಿಕೆ ಬಂದಳು. ಅವಳ ಜೊತೆಗೇ ಆದ ಇನ್ನೂ ಮೂರು ಭ್ರೂಣಗಳು ಅಲ್ಲೇ, ಉಕ್ಕಿನ ಡಬ್ಬಿಯೊಳಗೆ, ಹೆಪ್ಪುಗಟ್ಟಿ ಉಳಿದವು.

ಈ ವರ್ಷದ ಆರಂಭದಲ್ಲಿ ಡಾಕ್ಟರಮ್ಮ ನಮ್ಮನ್ನು ಕರೆಸಿ, ಅವುಗಳ ವಿಷಯ ಏನು ಮಾಡುತ್ತೀರಿ ಎಂದು ಕೇಳಿದರು. ಒಳ್ಳೆಯ ಹೆಂಗಸು, ಅವರ ಋಣ ನನ್ನ ಮೇಲಿದೆ. ಆದರೆ ಅವತ್ತು ಅವರು ಮಾತಾಡಿದ ರೀತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ‘ಸಂಶೋಧನೆಗೆ ಕೊಟ್ಬಿಡಿ. ಸ್ವಲ್ಪ ದಿನ ಬೆಳೆಸಿ, ಆಮೇಲೆ ನಿಲ್ಲಿಸಿಬಿಡ್ತಾರೆ. ನಾಳೆ ಯಾರದೋ ಕಾಯಿಲೆಗೆ ಔಷಧಿ ಸಿಗಬಹುದು, ಸುಮ್ನೆ ಹಾಳಾಗೋದು ಯಾಕೆ?’ ಅಂದರು. ಔಷಧಿ ಸಿಗಲಿ, ಬೇಡವೆನ್ನಲು ನಾನ್ಯಾರು? ನಮ್ಮ ಅಮ್ಮ ನಡುಗುವ ಕೈಯಲ್ಲಿ ಚಮಚ ಹಿಡಿಯಲಾರದೆ ಸತ್ತದ್ದು ನನಗೆ ಮರೆತಿಲ್ಲ. ಆದರೆ ಅವರು ‘ಹಾಳಾಗೋದು’ ಅಂದದ್ದು ಉಳಿದ ಹಾಲಿನ ಬಗ್ಗೆ ಹೇಳಿದ ಹಾಗಿತ್ತು. ಸ್ಕೂಟರಿನ ಮೇಲೆ ಮನೆಗೆ ಹೊರಟೆವು. ಮನೆಯ ಹತ್ತಿರ ಬಂದಮೇಲೆ ನಿನ್ನ ಭಾವ ಒಂದೇ ಮಾತು ಹೇಳಿದರು: ‘ನಿಲ್ಲಿಸೋದು ಅಂದ್ರೆ ಏನು ಅಂತ ನಾನು ಕೇಳಬೇಕಿತ್ತು ಕಣೇ.’ ದಿನವಿಡೀ ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ಅವತ್ತು ರಾತ್ರಿ ಊಟ ಮಾಡದೆ ಮಲಗಿದರು.

ಆಗ ನಾನು ನಿನಗೆ ಫೋನ್ ಮಾಡಿದೆ. ಫಾದರಿಗಲ್ಲ, ನನ್ನಣ್ಣನಿಗೆ. ನಾನು ಕೆಲಸ ಮಾಡುವ ಲಾಂಡ್ರಿಯ ಹಿಂದಿನ ಬಾಗಿಲಲ್ಲಿ, ಇಸ್ತ್ರಿ ಯಂತ್ರಗಳ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು, ಅಳುತ್ತಾ ಎಲ್ಲವನ್ನೂ ಹೇಳಿದೆ. ನೀನು ‘ಯೋಚಿಸಿ ಹೇಳ್ತೀನಿ, ಪ್ರಾರ್ಥನೆ ಮಾಡು’ ಎಂದೆ. ನಾನು ಪ್ರಾರ್ಥನೆಯನ್ನೂ ಮಾಡಿದೆ, ನಿನ್ನ ಫೋನಿಗೂ ಕಾದೆ. ನೀನು ಯೋಚಿಸಿದ್ದೇನೆಂದು ನನಗೆ ಗೊತ್ತಾದದ್ದು ನಮ್ಮ ಸೋದರತ್ತೆಯ ಮದುವೆಯ ಸುವರ್ಣ ಮಹೋತ್ಸವದ ಬಲಿಪೂಜೆಯಲ್ಲಿ, ನೀನು ಪ್ರವಚನ ಕೊಟ್ಟ ಮೈಕಿನಿಂದ.

‘ಮಕ್ಕಳು ದೇವರ ವರ, ಬೇಕಾದಾಗ ತರಿಸಿಕೊಳ್ಳುವ ಸರಕಲ್ಲ’ ಎಂದೆ. ಆಗಲಿ, ಅಷ್ಟಕ್ಕೆ ನಿಲ್ಲಿಸಿದ್ದರೆ ನಾನೂ ತಲೆಯಾಡಿಸುತ್ತಿದ್ದೆ. ‘ಒಂದು ಮಗುವನ್ನು ಮಡಿಲಲ್ಲಿಟ್ಟುಕೊಂಡು, ಅದರ ಒಡಹುಟ್ಟಿದವರನ್ನು ಹಿಮದಲ್ಲಿ ಹೂತಿಟ್ಟವರು ನಮ್ಮ ನಡುವೆಯೂ ಇದ್ದಾರೆ’ ಅಂದೆಯಲ್ಲ! ಹೆಸರು ಹೇಳಲಿಲ್ಲ, ಸರಿ. ಹೇಳುವ ಅಗತ್ಯ ಎಲ್ಲಿತ್ತು? ಬೆಂಚುಗಳಿಗೆ ಬೆಂಚುಗಳೇ ನಮ್ಮ ಕಡೆ ತಿರುಗಿದವು. ಚಿಕ್ಕಮ್ಮ ಚಿಟಿಕೆಯನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು, ಮಗುವಿನ ಮೇಲೆ ಮಂಜು ಬಿದ್ದಿದೆಯೇನೋ ಎಂಬಂತೆ. ನಿನ್ನ ಭಾವ ಮಗುವನ್ನೆತ್ತಿಕೊಂಡು ಹೊರಗೆ ನಡೆದರು. ಅವರ ಹೆಗಲ ಮೇಲಿಂದ ಅವಳು ನಿನಗೆ ಟಾಟಾ ಮಾಡಿದಳು. ನೀನು ಪುಸ್ತಕದೊಳಗೆ ಮುಖ ಹುದುಗಿಸಿದೆ. ಊಟಕ್ಕೂ ನಿಲ್ಲದೆ ಕಾರು ಹತ್ತಿದೆ.

ಅಣ್ಣಾ, ಅವು ಜೀವ ಎಂದು ನೀನು ಹೇಳುತ್ತೀಯ. ನಾನೂ ಅದನ್ನೇ ನಂಬುತ್ತೇನೆ, ಅದಕ್ಕೇ ನಿದ್ದೆಗೆಟ್ಟೆ. ಆದರೆ ನೀನು ನಿಜವಾಗಿ ನಂಬುತ್ತೀಯಾ? ನಂಬಿದ್ದರೆ ಅವರು ನಿನಗೆ ಏನಾಗಬೇಕು? ನೀನು ಅವರ ಸೋದರಮಾವ. ನನ್ನ ತಪ್ಪಿಗೆ ಉದಾಹರಣೆಯಾಗಿ ಅವರನ್ನು ಬಳಸಿಕೊಂಡೆ. ಒಂದು ದಿನವಾದರೂ ಫೋನ್ ಮಾಡಿ, ಅವರನ್ನು ಏನು ಮಾಡೋಣ ತಂಗೀ ಎಂದು ಕೇಳಿದೆಯಾ? ಡಾಕ್ಟರಮ್ಮನಿಗೆ ಅವು ಸಾಮಗ್ರಿ, ನಿನಗೆ ಪಾಠ. ಇಬ್ಬರಲ್ಲಿ ಯಾರು ಹೆಚ್ಚು ಕಟುಕರೋ ನನಗೆ ತಿಳಿಯದು. ನಾಶ ಮಾಡಬಾರದು, ಪ್ರಯೋಗಕ್ಕೆ ಕೊಡಬಾರದು, ಹುಟ್ಟಿಸಲೇಬಾರದಿತ್ತು. ಎಲ್ಲಾ ‘ಬಾರದು’ಗಳೂ ನಿನ್ನ ಬಾಯಲ್ಲಿವೆ. ಹುಟ್ಟಿದ್ದಾಗಿದೆ, ಈಗೇನು ಎಂದರೆ ಫೋನ್ ಇಟ್ಟುಬಿಡುತ್ತೀಯ.

ಕೊನೆಗೆ ನಮ್ಮ ಜೊತೆ ಕೂತವರು ನಿನ್ನ ಭಾವ ಹೋಗುವ ಪ್ರಾಟೆಸ್ಟೆಂಟ್ ಸಭೆಯ ಪಾಸ್ಟರಮ್ಮ, ನೀನು ಗೇಲಿ ಮಾಡುವ ಅದೇ ಮುದುಕಿ. ನಮ್ಮ ಅಡುಗೆಮನೆಗೆ ಬಂದು, ನನ್ನ ಕೈಯಿಂದ ಬಟಾಣಿಯ ಬುಟ್ಟಿ ಕಸಿದುಕೊಂಡು ಬಿಡಿಸುತ್ತಾ ಕೂತರು. ಅವರು ನನ್ನನ್ನು ಮುದ್ದು ಮಾಡಿದರೆಂದುಕೊಳ್ಳಬೇಡ. ‘ಹೊರೋಕಾಗೋದಕ್ಕಿಂತ ಜಾಸ್ತಿ ಮಾಡಿಸ್ಕೊಂಡಿದ್ದು ತಪ್ಪೇ ಕಣಮ್ಮಾ’ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದರು. ಔಷಧಿ ಕೊಟ್ಟವನೂ ದೇವರೇ, ಲೆಕ್ಕ ಕೇಳುವವನೂ ಅವನೇ ಎಂದರು. ನನಗೆ ಅಳು ಬಂತು, ಕೋಪ ಬರಲಿಲ್ಲ. ಆಮೇಲೆ ಅವರು ಕೇಳಿದ್ದು ಒಂದೇ: ‘ಈಗ ನಿನ್ನ ಮೈಯಲ್ಲಿ ಶಕ್ತಿ ಇದೆಯಾ? ಇದ್ರೆ ಒಬ್ಬೊಬ್ಬರನ್ನಾಗಿ ಮನೆಗೆ ಕರ್ಕೊಂಡು ಬಾ. ಇಲ್ದಿದ್ರೆ ಹೇಳು, ಬೇರೆ ದಾರಿ ಇದೆಯಾ ಒಟ್ಟಿಗೆ ಹುಡುಕೋಣ.’ ಇಷ್ಟು ಮಾತಾಡಲು ನಿನಗೆ ಎಷ್ಟು ಹೊತ್ತು ಬೇಕಿತ್ತು?

ನಾನೂ ನಿನ್ನ ಭಾವನೂ ಮಾತಾಡಿಕೊಂಡೆವು. ಜಗಳವೂ ಆಡಿದೆವು. ನನ್ನ ವಯಸ್ಸು, ರಕ್ತದೊತ್ತಡ, ಇರುವ ಎರಡು ಕೋಣೆ, ಎಲ್ಲವನ್ನೂ ಅವರು ಮುಂದಿಟ್ಟರು. ಆಮೇಲೆ ಅವರೇ ಅಟ್ಟದಿಂದ ತೊಟ್ಟಿಲು ಇಳಿಸಿ ಸ್ಕ್ರೂ ಬಿಗಿದರು. ಮೂವರನ್ನೂ ಕರೆತರುತ್ತೇವೆ, ಒಬ್ಬರಾದ ಮೇಲೆ ಒಬ್ಬರು, ನನ್ನ ಮೈ ತಡೆದಷ್ಟು. ಇದನ್ನು ನಿನ್ನ ಪ್ರವಚನಕ್ಕೆ ಹೆದರಿ ಮಾಡುತ್ತಿಲ್ಲ. ನಿನ್ನ ಪ್ರವಚನ ಕೇಳಿದ ಮೇಲೂ ಮಾಡುತ್ತಿದ್ದೇವೆ. ಮೊದಲನೆಯದನ್ನು ನನ್ನ ಒಡಲಿಗೆ ಇಡಿಸಿಕೊಳ್ಳಲು ಇವತ್ತು ಕ್ಲಿನಿಕ್ಕಿಗೆ ಹೊರಟಿದ್ದೇವೆ. ನಾನಿನ್ನೂ ನಿನ್ನನ್ನು ಕ್ಷಮಿಸಿಲ್ಲ, ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ದೇವರು ನಿನ್ನ ಮಂಡಿಗೆ ಬಲ ಕೊಡಲಿ, ನಾಲಗೆಗೆ ಸ್ವಲ್ಪ ಕಡಿಮೆ ಕೊಡಲಿ. ನಿನ್ನ ಭಾವ ನಮಸ್ಕಾರ ತಿಳಿಸಿಲ್ಲ, ನಾನೂ ಕೇಳಲಿಲ್ಲ. ಚಿಟಿಕೆಯ ಮುತ್ತು ಮಾತ್ರ ಕಳಿಸುತ್ತಿದ್ದೇನೆ, ಅವಳಿಗೆ ಇದೇನೂ ಗೊತ್ತಿಲ್ಲ.

ಇಂತಿ,
ನಿನ್ನ ತಂಗಿ

ಮರೆತ ಮಾತು: ಇದನ್ನು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಹೆಪ್ಪು ಕರಗಿಸುವಾಗ ಮೊದಲನೆಯದು ಉಳಿಯಲಿಲ್ಲವಂತೆ. ಈಗ ಎರಡನೆಯದನ್ನು ಕರಗಿಸುತ್ತಿದ್ದಾರೆ. ಹೋದದ್ದಕ್ಕೆ ಏನಾದರೂ ಹೇಳಬೇಕಲ್ಲವೇ ಎಂದು ನರ್ಸನ್ನು ಕೇಳಿದೆ, ಪಾಪ, ಆ ಹುಡುಗಿ ನನ್ನ ಕೈ ಹಿಡಿದುಕೊಂಡಳು, ಅಷ್ಟೇ. ಹೆಸರಿಡುವ ಮೊದಲೇ ಹೋದವರಿಗೆ ಯಾವ ಪ್ರಾರ್ಥನೆ ಹೇಳುತ್ತಾರೆ ಅಣ್ಣಾ? ನನಗೆ ಒಂದೂ ನೆನಪಾಗುತ್ತಿಲ್ಲ. ಬರೆದು ಕಳಿಸಬೇಡ, ಬಾ. ಒಳಗೆ ಕರೆಯುತ್ತಿದ್ದಾರೆ.