ಮೊಲದ ಎಡಗಿವಿ

ಮಾರ್ಚ್ ೧೪, ಗುರುವಾರ

ಆ ಬಟ್ಟೆ ಮೊಲ ಅಂಗಡಿಗೆ ವಾಪಸ್ ಬಂತು. ಮಗು ಕಳೆದುಕೊಂಡ ಮೊಲದ ಫೋಟೊ ಕೊಟ್ಟು, ಇಂಥದ್ದೇ ಹೊಲಿದುಕೊಡಿ ಎಂದಿದ್ದಳು ಒಬ್ಬ ತಾಯಿ. ಫೋಟೊದಲ್ಲಿ ಅದರ ಎಡಗಿವಿ ಸೊಟ್ಟಗಿತ್ತು. ನನ್ನ ಅಧಿಕಪ್ರಸಂಗ, ನೆಟ್ಟಗೆ ಮಾಡಿಬಿಟ್ಟಿದ್ದೆ.

"ನನ್ ಮೊಲ ಅಲ್ಲ ಅಂತ ಮಗು ಮುಟ್ತಾನೇ ಇಲ್ಲ ಅಕ್ಕಾ" ಎಂದಳು ತಾಯಿ.

ಸಂಜೆಯೆಲ್ಲ ಬಿಚ್ಚಿ ಬಿಚ್ಚಿ ಹೊಲಿದೆ. ಈ ಹಾಳು ಕೈಗೆ ಸೊಟ್ಟ ಹೊಲಿಯುವುದೇ ಮರೆತುಹೋಗಿದೆ! ಎಷ್ಟು ಸೊಟ್ಟ ಮಾಡಿದರೂ ಬೇಕಂತಲೇ ಮಾಡಿದ ಹಾಗೆ ಕಾಣುತ್ತದೆ. ತಲೆಕೆಟ್ಟು ನೀರು ಕುಡಿಯಲು ಎದ್ದುಹೋದೆ. ಬಂದು ನೋಡಿದರೆ, ಗುಂಡಿ ಹೊಲಿಯಲೂ ಬಾರದ ಅತ್ತೆ ಸೂಜಿ ಹಿಡಿದು ಕೂತಿದ್ದಾರೆ.

"ನೋಡೇ, ಎಷ್ಟು ನೆಟ್ಟಗೆ ಹೊಲ್ದಿದೀನಿ!"

ಫೋಟೊದ ಪಕ್ಕ ಇಟ್ಟೆ. ಥೇಟ್ ಅದೇ ಕಿವಿ.

"ನೆಟ್ಟಗೇ ಇದೆ ಅತ್ತೆ" ಎಂದುಬಿಟ್ಟೆ.

ಖುಷಿಯಾಗಿ, ಕಿವಿ ಹೊಲಿಯಬೇಕಿದ್ದ ಮಿಕ್ಕ ಮೊಲಗಳ ಬುಟ್ಟಿಯನ್ನೂ ಹತ್ತಿರ ಎಳೆದುಕೊಂಡರು.