ಹಲಗೆ ನೆಲದ ಮೇಲೆ ಒಂದು ಕರೆ

ಮೇ ೧೨, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನೀನೂ ಭಾವನೂ ಆರೋಗ್ಯವಾಗಿದ್ದೀರೆಂದೂ, ಹೊಸ ಮನೆಯಲ್ಲಿ ಡಬ್ಬಗಳ ನಡುವೆ ಕಾಲು ಚಾಚುವಷ್ಟಾದರೂ ಜಾಗ ಸಿಕ್ಕಿದೆಯೆಂದೂ ನಂಬಿದ್ದೇನೆ. ನಿನ್ನ ಮಗ ಇಲ್ಲಿಗೆ ಬಂದ ದಿನವೇ ಪತ್ರ ಹಾಕುತ್ತೇನೆ ಅಂದಿದ್ದೆ, ಹಾಕಲಿಲ್ಲ. ತಪ್ಪಾಯಿತು. ಬೈಯುವುದಿದ್ದರೆ ಸ್ವಲ್ಪ ತಡೆದುಕೋ, ಮುಂದೆ ಇನ್ನೂ ದೊಡ್ಡ ಕಾರಣ ಸಿಗುತ್ತದೆ, ಎರಡಕ್ಕೂ ಸೇರಿಸಿ ಒಂದೇ ಸಲ ಬೈದರೆ ನಿನಗೂ ಶ್ರಮ ಕಡಿಮೆ. ಶಾಲೆಯ ನಾಟಕಕ್ಕೆ ಉಡುಪು ಹೊಲಿಯುವ ಕೆಲಸ ನನ್ನ ತಲೆಯ ಮೇಲೆ ಬಿದ್ದಿತ್ತು. ಈ ಮಕ್ಕಳು ಬೆಳೆಯುವ ವೇಗಕ್ಕೆ, ತೆಗೆದುಕೊಂಡ ಅಳತೆ ಬಟ್ಟೆ ಕತ್ತರಿಸುವಷ್ಟರಲ್ಲಿ ಸುಳ್ಳಾಗಿರುತ್ತದೆ.

ನಿನ್ನ ಮಗ, ನಮ್ಮ ಮರಿ, ಚೆನ್ನಾಗಿದ್ದಾನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ. ನೀನು ಕಳಿಸಿದ ಸ್ವೆಟರ್ ಹಾಕಿಕೊಳ್ಳುವುದಿಲ್ಲ. ಹಲ್ಲುಜ್ಜುವುದರಲ್ಲಿ ಅಪ್ಪನನ್ನೇ ಹೋಲುತ್ತಾನೆ, ಅಂದರೆ ಬ್ರಷ್ಷಿಗೆ ನೀರು ತೋರಿಸಿ ಬಂದುಬಿಡುತ್ತಾನೆ. ಭಾವನಿಗೆ ಇದನ್ನು ಓದಿ ಹೇಳಬೇಕಾಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಭಾನುವಾರ ನೀನು ಅವನನ್ನು ಕರೆದುಕೊಂಡು ಹೋಗಲು ಬರುತ್ತೀಯ. ಅದಕ್ಕೆ ಮುಂಚೆ ಈ ಪತ್ರ ನಿನ್ನ ಕೈ ಸೇರಲೇಬೇಕು. ಅವನನ್ನು ನನ್ನ ಹತ್ತಿರ ಬಿಟ್ಟು ಹೋಗುವಾಗ ಬಾಗಿಲಲ್ಲಿ ನಿಂತು ನೀನು ಹೇಳಿದ್ದು ಒಂದಕ್ಷರ ಮರೆತಿಲ್ಲ: "ನಿಮ್ಮ ಶಾಲೆ ಮಕ್ಕಳ ಕೈಸನ್ನೆ ಇವನಿಗೆ ಹತ್ತಬಾರದು. ಡಾಕ್ಟರು ಹೇಳಿದ್ದಾರೆ, ಕೈ ಶುರುವಾದ್ರೆ ಬಾಯಿ ನಿಂತುಹೋಗುತ್ತೆ ಅಂತ." ನಾನು ಆಯಿತು ಅಂದಿದ್ದೆ. ಆದರೆ ಅಕ್ಕ, ಅವನ ಶಾಲೆಗೆ ರಜೆ, ನಮ್ಮ ಶಾಲೆಗೆ ರಜೆಯಿಲ್ಲ. ಕಿವಿ ಕೇಳದ ಮಕ್ಕಳೇ ತುಂಬಿರುವ ಕಟ್ಟಡದಲ್ಲಿ, ಕಿವಿ ಕೇಳದ ಒಬ್ಬ ಹುಡುಗನನ್ನು ಹೊಲಿಗೆ ಕೋಣೆಯೊಳಗೆ ಎಷ್ಟು ದಿನ ಬಚ್ಚಿಡಲಿ? ಆದರೂ ಒಂದು ವಾರ ಬಚ್ಚಿಟ್ಟೆ. ಬಟ್ಟೆ ಚೂರುಗಳ ರಾಶಿಯ ಮೇಲೆ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದ. ನನ್ನ ತುಟಿ ನೋಡಿ ನೋಡಿ ಸಾಕಾದಾಗ ಸುಮ್ಮನೆ ಕಣ್ಣು ಮುಚ್ಚಿಕೊಂಡು ಮಲಗುತ್ತಿದ್ದ. ನಾನು ಬಾಯಿ ತೆರೆದರೆ ಮುಚ್ಚುವವಳಲ್ಲ ಎಂದು ನಿನಗೆ ಗೊತ್ತು. ಪಾಪ, ಅವನ ಕಣ್ಣು ಎಷ್ಟು ದುಡಿಯಬೇಕು.

ನಿನ್ನೆ ಮಕ್ಕಳನ್ನೆಲ್ಲ ದೊಡ್ಡ ಮರಗಳ ಕಾಡಿನ ನಡುವೆ ಇರುವ ಪುಟ್ಟ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆವು. ಇವನೊಬ್ಬನನ್ನೇ ಬಿಟ್ಟು ಹೋಗುವುದು ಹೇಗೆ? ಕರೆದುಕೊಂಡು ಹೋದೆ. ಹುಬ್ಬು ಗಂಟಿಕ್ಕಬೇಡ, ಪೂರ್ತಿ ಓದು.

ಮೊದಲು ಮರಗಳ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ಬಸ್ಸಿನಿಂದ ಇಳಿದವಳೇ ಚೀಲದಿಂದ ಅಳತೆ ಟೇಪು ತೆಗೆದು ಒಂದು ಮರದ ಸುತ್ತಳತೆ ನೋಡಲು ಹೋದೆ. ಟೇಪು ಮುಗಿಯಿತು, ಮರ ಇನ್ನೂ ಶುರುವೇ ಆಗಿರಲಿಲ್ಲ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ತೊಗಟೆ ಕೆಂಪು, ಮುಟ್ಟಿದರೆ ಮೆತ್ತಗೆ, ಅದರ ನೆರಿಗೆಗಳೊಳಗೆ ಮೊಣಕೈವರೆಗೆ ಕೈ ಹೋಗುತ್ತದೆ. ಒಂದು ಮರದ ಬುಡದ ಪೊಟರೆಯಲ್ಲಿ ನಾವೆಲ್ಲ ಒಟ್ಟಿಗೆ ನಿಂತೆವು, ಇನ್ನೊಂದು ಶಾಲೆ ಬಂದಿದ್ದರೂ ಹಿಡಿಸುತ್ತಿತ್ತು. ಇಷ್ಟೆಲ್ಲ ಬೆಳೆದ ಮರದ ಕಾಯಿ ಎಷ್ಟಿರುತ್ತದೆ ಗೊತ್ತಾ? ನನ್ನ ಹೆಬ್ಬೆರಳಿನಷ್ಟು. ಬೀಜ ಉಗುರಿನ ಸಂದಿಯಲ್ಲಿ ಕೂರುತ್ತದೆ. ಒಂದನ್ನು ಈ ಕಾಗದದ ಮಡಿಕೆಯಲ್ಲಿ ಇಟ್ಟಿದ್ದೇನೆ, ಬಿಡಿಸುವಾಗ ಊದಿಬಿಡಬೇಡ.

ಮ್ಯೂಸಿಯಮ್ ಅಂದರೆ ಒಂದೇ ಒಂದು ಉದ್ದನೆಯ ಕೋಣೆ. ಗೋಡೆಯೂ ಮರ, ನೆಲವೂ ಮರ. ಕಂಬಗಳ ಮೇಲೆ ಎತ್ತಿ ಕಟ್ಟಿರುವುದರಿಂದ ನೆಲದ ಹಲಗೆಗಳ ಅಡಿಯಲ್ಲಿ ಟೊಳ್ಳು. ಈ ಟೊಳ್ಳನ್ನು ನೆನಪಿಟ್ಟುಕೋ. ಗಾಜಿನ ಕಪಾಟುಗಳಲ್ಲಿ ಚಿಟ್ಟೆ, ಹಕ್ಕಿಮೊಟ್ಟೆ, ಕೊಂಬು, ತಲೆಬುರುಡೆ, ಒಂದು ಕಣ್ಣು ಸ್ವಲ್ಪ ಓರೆಯಾದ ಗೂಬೆ. ಕೊನೆಯಲ್ಲಿ ಹುಲ್ಲು ತುಂಬಿದ ಒಂದು ಕರಡಿ, ಅದರ ಹೊಟ್ಟೆಯ ಹೊಲಿಗೆ ಬಿಚ್ಚಿಕೊಂಡಿತ್ತು. ಬಿಟ್ಟಿದ್ದರೆ ನಾನು ಅಲ್ಲೇ ಕೂತು ಹೊಲಿದುಬಿಡುತ್ತಿದ್ದೆ.

ಅದನ್ನೆಲ್ಲ ನೋಡಿಕೊಳ್ಳುವ ಮುದುಕರೊಬ್ಬರಿದ್ದಾರೆ. ಮೂಗಿನ ತುದಿಯಲ್ಲಿ ಕನ್ನಡಕ, ಅದರ ಪಕ್ಕದಲ್ಲೇ ಕೋಪ. ಸೋಮವಾರ ಅವರಿಗೆ ರಜೆಯಂತೆ, ಆದರೂ ನಮಗೋಸ್ಕರ ಬಾಗಿಲು ತೆರೆದಿದ್ದರು. ಯಾಕೆಂದು ನಮ್ಮ ದೊಡ್ಡ ಮೇಡಂ ಹತ್ತಿರ ಅವರೇ ಹೇಳಿದರು: "ಮಾತಾಡದ ಮಕ್ಕಳು ಅಂದ್ರಲ್ಲ, ನೆಮ್ಮದಿ ಅನ್ನಿಸ್ತು. ಹೋದ ವಾರ ಬಂದವರು ಕಿರುಚಿ ಕಿರುಚಿ ನನ್ನ ತಲೆ ಚಿಟ್ಟು ಹಿಡಿಸಿಬಿಟ್ರು. ಇವತ್ತಾದ್ರೂ ಕಟ್ಟಡ ತಣ್ಣಗಿರಲಿ."

ದೊಡ್ಡ ಮೇಡಂ ನನ್ನ ಮುಖ ನೋಡಿದರು, ನಾನು ಛಾವಣಿ ನೋಡಿದೆ. ಕಿವಿ ಕೇಳದ ಮಕ್ಕಳು ಎಷ್ಟು ಗಲಾಟೆ ಮಾಡುತ್ತಾರೆಂಬುದು ಅವರ ಜೊತೆ ಬದುಕಿದವರಿಗೆ ಮಾತ್ರ ಗೊತ್ತು. ಬಾಗಿಲು ಬಡಿದದ್ದು ಅವರಿಗೆ ತಿಳಿಯದು, ಕುರ್ಚಿ ಕಿರುಗುಟ್ಟಿದ್ದು ತಿಳಿಯದು, ನಗು ಬಂದರೆ ಹೊಟ್ಟೆಯಿಂದ ನಗುತ್ತಾರೆ. ಇನ್ನು ಒಬ್ಬರನ್ನೊಬ್ಬರು ಕರೆಯಬೇಕಾದರೆ ಬಾಯಿಂದ ಕರೆದು ಪ್ರಯೋಜನವೇನು? ಕಾಲಿನಿಂದ ನೆಲ ಗುದ್ದುತ್ತಾರೆ, ಆ ಅದುರು ಇನ್ನೊಬ್ಬರ ಅಂಗಾಲಿಗೆ ಹೋಗಿ ಮುಟ್ಟಬೇಕು. ನಮ್ಮ ಶಾಲೆಯದು ಕಲ್ಲಿನ ನೆಲ, ಎಷ್ಟು ಗುದ್ದಿದರೂ ಕಾಲು ನೋಯುತ್ತದೆಯೇ ಹೊರತು ಪಕ್ಕದವನಿಗೂ ತಲುಪುವುದಿಲ್ಲ. ಇಲ್ಲಿ ಹಲಗೆ ನೆಲ, ಅಡಿಯಲ್ಲಿ ಟೊಳ್ಳು. ಯಾರೋ ಒಬ್ಬ ಒಂದು ಸಲ ಗುದ್ದಿದ, ಇಡೀ ಕೋಣೆಯ ಮಕ್ಕಳು ಒಟ್ಟಿಗೆ ತಲೆ ಎತ್ತಿದರು. ಆ ಮುಖಗಳನ್ನು ನೀನು ನೋಡಬೇಕಿತ್ತು. ಆಮೇಲೆ ಕೇಳಬೇಡ. ಚಿಟ್ಟೆಯ ಹತ್ತಿರ ಇದ್ದವನು ಕೊಂಬಿನ ಹತ್ತಿರ ಇದ್ದವನನ್ನು ಕರೆದ, ಅವನು ಗೂಬೆಯ ಹತ್ತಿರ ಇದ್ದವಳನ್ನು ಕರೆದ. ಗಾಜುಗಳು ಗಡಗಡ ಅಂದವು, ಮೊಟ್ಟೆಗಳು ಹತ್ತಿಯ ಮೇಲೆ ಉರುಳಾಡಿದವು, ಗೂಬೆಯ ಮೈಯಿಂದ ಯಾವ ಕಾಲದ್ದೋ ಧೂಳು ಉದುರಿತು.

ಮುದುಕರು ಓಡಿಬಂದರು. "ಏನಮ್ಮಾ ಇದು, ಭೂಮಿ ನಡುಗ್ತಿದೆಯೋ ಏನ್ ಕತೆ?"

"ಏನಿಲ್ಲ, ಕರೀತಿದ್ದಾರೆ," ಅಂದರು ದೊಡ್ಡ ಮೇಡಂ.

"ಯಾರನ್ನ?"

"ಒಬ್ಬರನ್ನೊಬ್ಬರು."

ಆಗ ನಿನ್ನ ಮಗ ಆ ಕರಡಿಯ ಮುಂದೆ, ಎಲ್ಲರಿಗೂ ಬೆನ್ನು ಹಾಕಿ, ಒಬ್ಬನೇ ನಿಂತಿದ್ದ. ನಾನು ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ನಮ್ಮಲ್ಲಿ ಎರಡು ಜಡೆಯ ಹುಡುಗಿಯೊಬ್ಬಳಿದ್ದಾಳೆ, ಮಕ್ಕಳ ಪೈಕಿ ಅವಳದೇ ಯಜಮಾನಿಕೆ. ಅವಳು ಕೋಣೆಯ ಆ ತುದಿಯಿಂದ ಅವನ ಬೆನ್ನಿನ ಕಡೆ ನೋಡುತ್ತ, ಬೇರೆಯವರನ್ನೆಲ್ಲ ಕೈ ಎತ್ತಿ ನಿಲ್ಲಿಸಿ, ಎರಡು ಸಲ ನೆಲ ಗುದ್ದಿದಳು.

ಅವನು ತಿರುಗಿದ.

ಅಕ್ಕ, ನಿನ್ನ ಮಗನನ್ನು ಹಿಂದಿನಿಂದ ಕರೆದರು, ಅವನು ತಿರುಗಿ ನೋಡಿದ. ಅವನು ಕೂಸಾಗಿದ್ದಾಗ ಬೆನ್ನ ಹಿಂದೆ ನಿಂತು ನಾವು ತಟ್ಟೆ ಬಡಿದದ್ದು, ಗಂಟೆ ಅಲ್ಲಾಡಿಸಿದ್ದು, ಗಂಟಲು ಕಟ್ಟುವವರೆಗೆ ನೀನು ಅವನ ಹೆಸರು ಕೂಗಿದ್ದು ಎಲ್ಲ ಒಂದೇ ಸಲ ನನ್ನ ಕಣ್ಣ ಮುಂದೆ ಬಂತು. ಆಮೇಲೆ ನಾವೆಲ್ಲ ಸೋತು, ಸುತ್ತು ಹಾಕಿ ಅವನ ಎದುರಿಗೆ ಹೋಗಿ ನಿಲ್ಲುವುದನ್ನು ಕಲಿತುಬಿಟ್ಟೆವು. ಈ ಹುಡುಗಿ ಸುತ್ತು ಹಾಕಲಿಲ್ಲ. ಅವನು ಮೊದಲು ತನ್ನ ಕಾಲು ನೋಡಿಕೊಂಡ, ಆಮೇಲೆ ಅವಳನ್ನು ನೋಡಿದ. ಅವಳು ಮತ್ತೆ ಗುದ್ದಿದಳು. ಅವನು ತಾನೂ ಗುದ್ದಿದ. ಅವಳು ಬಾ ಎಂದು ಕೈ ಬೀಸಿದಳು, ಇವನು ಕರಡಿಯನ್ನು ಹಾಗೇ ಬಿಟ್ಟು ಓಡಿದ.

ನಾನು ಗೋಡೆಗೆ ಮುಖ ಮಾಡಿ ಅತ್ತೆ. ಅಳುವೂ ನಗುವೂ ಒಟ್ಟಿಗೆ ಬಂದು ಮೂಗು ಸೋರಿ, ನೋಡುವ ಹಾಗಿರಲಿಲ್ಲ ನನ್ನ ಅವತಾರ. ಮುದುಕರು ಹೆದರಿ ನೀರು ತಂದುಕೊಟ್ಟರು. "ನಾನು ಅಷ್ಟೇನೂ ಜೋರು ಮಾಡ್ಲಿಲ್ಲವಲ್ಲಮ್ಮ," ಅಂದರು. ದೊಡ್ಡ ಮೇಡಂ ಮುದುಕರ ಕಿವಿಯಲ್ಲಿ ನಡೆದದ್ದನ್ನು ಹೇಳಿದರು. ಅವರು ಮೊಟ್ಟೆಗಳನ್ನೆಲ್ಲ ಎತ್ತಿ ಒಳಗಿಟ್ಟು, "ಇನ್ನು ಗುದ್ದಲಿ ಬಿಡಿ," ಅಂದರು.

ಸಾಕಾಗುವಷ್ಟು ಗುದ್ದಿದ ಮೇಲೆ ಅವರೇ ನಮ್ಮನ್ನು ಹೊರಗೆ, ಉರುಳಿ ಬಿದ್ದ ಒಂದು ದೊಡ್ಡ ಮರದ ಹತ್ತಿರ ಕರೆದುಕೊಂಡು ಹೋದರು. "ಹತ್ತಿ ಕುಣೀರಿ. ನಮ್ಮ ತಾತ ಹುಟ್ಟೋ ಮುಂಚೆ ಬಿದ್ದಿದ್ದು ಇದು, ಇನ್ನೆಲ್ಲಿಗೆ ಬೀಳುತ್ತೆ." ಅಲ್ಲಿ ಮಕ್ಕಳ ನಡುವೆ ದೊಡ್ಡ ಜಗಳ ಹತ್ತಿತು. ಅವರ ಭಾಷೆಯಲ್ಲಿ ಮರ ಅನ್ನಬೇಕಾದರೆ ಮುಂಗೈ ನೆಟ್ಟಗೆ ನಿಲ್ಲಿಸಿ ಬೆರಳು ಅರಳಿಸುತ್ತಾರೆ. ಈ ಮರಕ್ಕೆ ಅದು ಸಾಲದು ಎಂದು ಎಲ್ಲರಿಗೂ ಅನ್ನಿಸಿತು. ಒಬ್ಬ ಎರಡೂ ತೋಳು ಎತ್ತಿದ, ಇನ್ನೊಬ್ಬ ಗೆಳೆಯನ ಹೆಗಲೇರಿದ. ಯಾವುದೂ ಒಪ್ಪಿಗೆಯಾಗಲಿಲ್ಲ. ಮರಿ ಪಕ್ಕದಲ್ಲಿ ನಿಂತು ಒಂದು ಮರದ ತುದಿ ಹುಡುಕುತ್ತಿದ್ದ. ಕತ್ತು ಹಿಂದಕ್ಕೆ ವಾಲಿ ವಾಲಿ ಅವನ ಟೋಪಿ ಕಳಚಿ ಬಿತ್ತು. ಬಿದ್ದ ಟೋಪಿಯನ್ನು ತೋರಿಸಿದ, ಮರವನ್ನು ತೋರಿಸಿದ, ಮತ್ತೆ ತಲೆ ಹಿಂದಕ್ಕೆ ವಾಲಿಸಿ ಕೈಯಿಂದ ಟೋಪಿ ಬೀಳುವುದನ್ನು ಮಾಡಿ ತೋರಿಸಿದ. ಒಂದು ಕ್ಷಣ ಎಲ್ಲರೂ ಬೆಪ್ಪಾಗಿ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಮಾಡಿದರು. ಅದೇ ಆ ಮರದ ಹೆಸರು ಈಗ. ವಾಪಸ್ಸು ಬರುವಾಗ ಬಸ್ಸಿನ ತುಂಬ ಟೋಪಿಗಳು ಬೀಳುತ್ತಲೇ ಇದ್ದವು, ಡ್ರೈವರ್ ಕೂಡ ಒಮ್ಮೆ ಮಾಡಿದ.

ಆ ಬಸ್ಸಿನಲ್ಲೇ ನಿನ್ನ ಮಗನಿಗೂ ಹೆಸರು ಸಿಕ್ಕಿತು. ಇಲ್ಲಿ ಪ್ರತಿಯೊಬ್ಬರಿಗೂ ಸನ್ನೆಯಲ್ಲಿ ಒಂದು ಹೆಸರಿರುತ್ತದೆ. ಅದನ್ನು ಕೇಳಿ ಪಡೆಯುವ ಹಾಗಿಲ್ಲ. ಮಕ್ಕಳೇ ನಿನ್ನಲ್ಲಿ ಏನು ಕಂಡರೋ ಅದನ್ನು ಇಡುತ್ತಾರೆ. ದೊಡ್ಡ ಮೇಡಂ ಹೆಸರು ಹಣೆಯ ಮೇಲೆ ಏರಿಸಿದ ಕನ್ನಡಕ. ನನ್ನದು ತುಟಿಯಲ್ಲಿ ಕಚ್ಚಿದ ಗುಂಡುಸೂಜಿ. ಮರಿಯ ಹೆಸರು ಅಂಗೈ ಮೇಲೆ ಮುಷ್ಟಿಯಿಂದ ಎರಡು ಗುದ್ದು. ನಿನ್ನೆ ಸಂಜೆಯಿಂದ ಅವನು ಅದನ್ನು ಕನ್ನಡಿಗೆ ತೋರಿಸಿದ್ದಾನೆ, ನನಗೆ ತೋರಿಸಿದ್ದಾನೆ, ಹೊಲಿಗೆ ಯಂತ್ರಕ್ಕೂ ತೋರಿಸಿದ್ದಾನೆ.

ನಿನ್ನ ಡಾಕ್ಟರು ಹೇಳಿದ್ದು ಸರಿಯೋ ತಪ್ಪೋ ನಾನರಿಯೆ, ನಾನು ಹೊಲಿಗೆಯವಳು. ಸಂಜೆಯಾದರೆ ಅವನನ್ನು ಕನ್ನಡಿಯ ಮುಂದೆ ಕೂರಿಸಿಕೊಂಡು ಒಂದೊಂದೇ ಅಕ್ಷರ ಅವನ ಬಾಯಲ್ಲಿ ಬರಿಸಿದವಳು ನೀನು. ಅದನ್ನು ಕಂಡವಳು ನಾನು. ಆ ಮಾತುಗಳು ಎಲ್ಲಿಗೂ ಓಡಿಹೋಗಿಲ್ಲ, ನಿನ್ನೆ ರಾತ್ರಿ ಕೈಯಲ್ಲಿ ಮರ ತೋರಿಸುತ್ತ ಬಾಯಲ್ಲೂ "ಮರ" ಅಂದ. ನನಗೆ ಗೊತ್ತಿರುವುದು ಇಷ್ಟು: ಕಣ್ಣು ಸೋತು ಮಲಗುತ್ತಿದ್ದ ಹುಡುಗ, ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಮಲಗಲೊಲ್ಲೆ ಅಂದ.

ನಮ್ಮಲ್ಲಿ ಅವನಿಗೆ ಜಾಗವಿದೆ. ದೊಡ್ಡ ಮೇಡಂ ಅಂದರು: "ತಾಯಿ ಒಪ್ಪಿದ್ರೆ ಮಾತ್ರ. ಮನೇಲಿ ಯಾರೂ ಆಡದ ಭಾಷೆ ಕಲಿಸಿ ನಾನೇನು ಮಾಡ್ಲಿ? ಅವರೂ ಕಲೀಬೇಕು." ಭಾನುವಾರ ಬೆಳಿಗ್ಗೆ ಅಪ್ಪ ಅಮ್ಮಂದಿರಿಗೆ ಪಾಠವಿದೆ. ಬೇಗ ಬಾ, ಒಂದು ಸಲ ಹಿಂದಿನ ಬೆಂಚಿನಲ್ಲಿ ಕೂತು ನೋಡು. ಆಮೇಲೂ ಬೇಡ ಅನ್ನಿಸಿದರೆ ಅವನ ಬಟ್ಟೆ ಮಡಿಸಿ ಕೊಡುತ್ತೇನೆ, ತುಟಿ ಪಿಟಕ್ಕೆನ್ನುವುದಿಲ್ಲ. ನಾನು ಅನ್ನದಿರುವುದನ್ನು ನೋಡುವುದಕ್ಕಾದರೂ ಬಾ.

ಭಾವನಿಗೆ ನಮಸ್ಕಾರ ತಿಳಿಸು. ಚಿಕ್ಕವಳು ದೊಡ್ಡವರನ್ನು ಹರಸುವ ಹಾಗಿಲ್ಲ, ಆದರೂ ನಿಮ್ಮ ಹೊಸ ಮನೆಯಲ್ಲಿ ಸದಾ ಗಲಾಟೆ ತುಂಬಿರಲಿ ಎಂದು ಮನಸಾರೆ ಹರಸುತ್ತಿದ್ದೇನೆ.

ನಿನ್ನ
ಬಾಯಿಬಡುಕಿ ತಂಗಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನಿನ್ನೆ ರಾತ್ರಿ ಶಾಲೆಯಲ್ಲಿ ಊಟಕ್ಕೆ ಕೂತಾಗ ಎರಡು ಜಡೆಯ ಹುಡುಗಿ, ನಿನ್ನ ಅಮ್ಮನ ಹೆಸರೇನು ಎಂದು ಮರಿಯನ್ನು ಕೇಳಿದಳು. ಅವಳು ಕೇಳಿದ್ದನ್ನು ನಾನೇ ಬಾಯಲ್ಲಿ ಅವನಿಗೆ ಹೇಳಿದೆ. ಅವನು ಯೋಚಿಸಲೇ ಇಲ್ಲ. ಗದ್ದದ ಕೆಳಗೆ ಬೆರಳಿಟ್ಟು, ಮುಖವನ್ನು ಮೇಲಕ್ಕೆ ಎತ್ತಿ ತೋರಿಸಿದ. ನನ್ನ ಬಾಯಿ ನೋಡು, ಇನ್ನೊಂದು ಸಲ ಹೇಳು ಎಂದು ನೀನು ದಿನವಿಡೀ ಅವನ ಗದ್ದ ಎತ್ತುವುದನ್ನು ನಾನು ನೋಡಿದ್ದೇನೆ. ಅವನು ಅಳುತ್ತಿದ್ದರೂ ಎತ್ತುತ್ತೀಯ. ಅದನ್ನೆಲ್ಲ ಆ ಹುಡುಗಿ ಏನು ಬಲ್ಲಳು? ಅವಳು ಕಣ್ಣರಳಿಸಿ, ಮುತ್ತು ಕೊಡಲು ಎತ್ತುತ್ತಾರಾ ಎಂದು ಸನ್ನೆಯಲ್ಲಿ ಕೇಳಿದಳು. ಅದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಮರಿ ನನ್ನ ಮುಖ ನೋಡಿದ. ಆಮೇಲೆ ಅವಳ ಕಡೆ ತಿರುಗಿ, ಹೌದು ಎಂದು ತಲೆಯಾಡಿಸಿದ.

ಭಾನುವಾರ ನೀನು ಬರುವಾಗ ಅವಳು ಗೇಟಿನ ಹತ್ತಿರವೇ ನಿಂತಿರುತ್ತಾಳೆ, ಅಕ್ಕ. ನೀನು ಅವನ ಗದ್ದ ಎತ್ತುವುದನ್ನು ನೋಡಬೇಕಂತೆ.